ಇಬ್ಬರಿಗೂ ಗಂಟಲುನೋವು, ಒಬ್ಬಳಿಗೆ ಹೃದ್ರೋಗ

ಗಂಟಲುನೋವು ಬಾರದ ಮಗುವಿಲ್ಲ. ಆದರೆ ಕೆಲವೇ ಮಕ್ಕಳಲ್ಲಿ ಅದು ಹೃದಯದ ಕವಾಟದವರೆಗೂ ಇಳಿಯುತ್ತದೆ. ಯಾರಿಗೆ, ಯಾಕೆ ಎಂಬ ಹಳೆಯ ಪ್ರಶ್ನೆಗೆ ವಂಶವಾಹಿಗಳು ಈಗ ಅರ್ಧ ಉತ್ತರ ಕೊಡತೊಡಗಿವೆ. ಉಳಿದರ್ಧ ನಮ್ಮ ಮನೆ, ಶಾಲೆ, ಆಸ್ಪತ್ರೆಗಳಲ್ಲಿದೆ.

ಎಕೋ ಕೊಠಡಿಯ ಮಬ್ಬು ಬೆಳಕಿನಲ್ಲಿ ಎಡಮಗ್ಗುಲಾಗಿ ಮಲಗಿದ್ದಾಳೆ ಇಪ್ಪತ್ತೆರಡರ ಹೆಣ್ಣುಮಗಳು. ಏಳು ತಿಂಗಳ ಬಸುರಿ. ಎರಡು ವಾರದಿಂದ ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕೂತರೆ ತುಸು ಹಾಯೆನಿಸುತ್ತದೆ. ಬಸಿರಲ್ಲಿ ಇದೆಲ್ಲ ಇದ್ದದ್ದೇ ಎಂದು ಊರಿನಲ್ಲಿ ಎಲ್ಲರೂ ಹೇಳಿದ್ದರು.

ತಣ್ಣನೆಯ ಜೆಲ್ ಹಚ್ಚಿದ ಪ್ರೋಬ್ ಎದೆಯ ಮೇಲೆ ಸರಿದಂತೆ ಪರದೆಯಲ್ಲಿ ಹೃದಯ ಮೂಡುತ್ತದೆ. ಎಡ ಹೃತ್ಕರ್ಣ ಊದಿಕೊಂಡಿದೆ. ಅದರ ಬಾಗಿಲಲ್ಲಿರುವ ಮೈಟ್ರಲ್ ಕವಾಟದ ಎರಡು ಪದರಗಳ ಅಂಚು ಬೆಸೆದುಕೊಂಡು, ಪೂರ್ತಿ ತೆರೆಯಲಾರದೆ ಒದ್ದಾಡುತ್ತಿವೆ. ಹೃದ್ರೋಗ ವೈದ್ಯರು ಇದಕ್ಕೆ ಮೀನಿನ ಬಾಯಿ ಎನ್ನುತ್ತಾರೆ. ಆ ಬಾಯಿಯ ಸುತ್ತ ಕರ್ಸರ್‌ನಿಂದ ಗೆರೆ ಎಳೆದು ಅಳತೆ ತೆಗೆದರೆ 0.9 ಚದರ ಸೆಂಟಿಮೀಟರ್. ಆರೋಗ್ಯವಂತರಲ್ಲಿ ಅದು 4ರಿಂದ 6 ಇರಬೇಕು.

ಹೊರಗೆ ಬೆಂಚಿನ ಮೇಲೆ ಕೂತ ತಾಯಿಯದು ಒಂದೇ ಪ್ರಶ್ನೆ. “ಇವಳೂ ಇವಳಕ್ಕನೂ ಒಂದೇ ಚಾಪೆ ಮೇಲೆ ಮಲಗಿ ಬೆಳೆದೋರು ಡಾಕ್ಟ್ರೇ. ಚಿಕ್ಕೋರಿದ್ದಾಗ ಇಬ್ರಿಗೂ ಗಂಟಲುನೋವು, ಜ್ವರ ಬರ್ತಿತ್ತು. ಅವಳು ಗಟ್ಟಿಯಾಗವ್ಳೆ. ಇವಳಿಗೇ ಯಾಕೆ ಬಂತು?”

ಇದು ಯಾರೋ ಒಬ್ಬಳ ಕಥೆಯಲ್ಲ. ನಮ್ಮ ಸರ್ಕಾರಿ ಹೃದ್ರೋಗ ಆಸ್ಪತ್ರೆಗಳ ಎಕೋ ಕೊಠಡಿಗಳ ಮುಂದೆ ಹೆಸರು, ಊರು ಬದಲಾಗಿ ಮತ್ತೆ ಮತ್ತೆ ನಡೆಯುವ ಕಥೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು 2010ರಿಂದ 2012ರವರೆಗಿನ ಸುಮಾರು 1.36 ಲಕ್ಷ ಎಕೋ ಪರೀಕ್ಷೆಗಳನ್ನು ತೆಗೆದು ನೋಡಿದಾಗ, 13 ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಕವಾಟದ ಕಾಯಿಲೆ ಕಂಡಿತ್ತು. ಅವರಲ್ಲಿ ಬಹುಪಾಲು ಜನರ ಕಾಯಿಲೆಗೆ ಕಾರಣ ರುಮ್ಯಾಟಿಕ್ ಹೃದ್ರೋಗ.

ಸೆಪ್ಟೆಂಬರ್ 29ರ ವಿಶ್ವ ಹೃದಯ ದಿನ ಬಂದಾಗಲೆಲ್ಲ ಕೊಲೆಸ್ಟ್ರಾಲ್, ಸ್ಟೆಂಟ್, ಬೆಳಗಿನ ನಡಿಗೆಯ ಮಾತು ಜೋರಾಗುತ್ತದೆ. ಐದರಿಂದ ಹದಿನೈದರ ವಯಸ್ಸಿನಲ್ಲಿ ಶುರುವಾಗಿ, ದುಡಿಯುವ ಮತ್ತು ಹೆರುವ ವಯಸ್ಸಿನಲ್ಲಿ ಕೊಲ್ಲುವ ಈ ಕಾಯಿಲೆಗೆ ಆ ಮಾತಿನಲ್ಲಿ ಜಾಗ ಸಿಗುವುದಿಲ್ಲ. ಇದು ಬಡವರ ಮನೆಯ ಮಕ್ಕಳ ಹೃದ್ರೋಗ.

ಗಂಟಲಿನಿಂದ ಹೃದಯಕ್ಕೆ

ಎಲ್ಲದರ ಮೂಲ ‘ಎ’ ಗುಂಪಿನ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾ. ಕೆಮ್ಮಿದಾಗ, ಸೀನಿದಾಗ, ಒತ್ತೊತ್ತಾಗಿ ಮಲಗಿದಾಗ ಒಬ್ಬರಿಂದೊಬ್ಬರಿಗೆ ದಾಟಿ ಗಂಟಲಿನಲ್ಲಿ ನೆಲೆಯೂರುತ್ತದೆ. ಜ್ವರ, ನುಂಗಲಾಗದ ನೋವು, ಕತ್ತಿನಲ್ಲಿ ಗಡ್ಡೆ. ನಾಲ್ಕೈದು ದಿನಕ್ಕೆ ತಾನಾಗಿಯೇ ಇಳಿಯುತ್ತದೆ. ಕಷಾಯದಿಂದ ಗುಣವಾಯಿತು ಎಂದುಕೊಂಡು ಮನೆಯವರು ಮರೆಯುತ್ತಾರೆ.

ದೇಹ ಮರೆತಿರುವುದಿಲ್ಲ. ಬ್ಯಾಕ್ಟೀರಿಯಾದ ಹೊರಮೈಯಲ್ಲಿ ‘ಎಂ’ ಪ್ರೋಟೀನ್ ಎಂಬುದಿದೆ. ಅದರ ರಚನೆ ನಮ್ಮ ಹೃದಯದ ಸ್ನಾಯುವಿನ ಮಯೋಸಿನ್ ಪ್ರೋಟೀನನ್ನು ಹೋಲುತ್ತದೆ. ಬ್ಯಾಕ್ಟೀರಿಯಾವನ್ನು ಹೊಡೆಯಲು ಸಿದ್ಧವಾದ ಪ್ರತಿಕಾಯಗಳೂ ಬಿಳಿರಕ್ತಕಣಗಳೂ ಕೆಲವರಲ್ಲಿ ಗುರಿ ತಪ್ಪಿ ಸ್ವಂತ ಕೀಲು, ಮಿದುಳು, ಹೃದಯದ ಮೇಲೆಯೇ ಎರಗುತ್ತವೆ. ಗಂಟಲುನೋವು ವಾಸಿಯಾದ ಎರಡು–ಮೂರು ವಾರಕ್ಕೆ ಕಾಣಿಸಿಕೊಳ್ಳುವ ಈ ದಾಳಿಯೇ ರುಮ್ಯಾಟಿಕ್ ಜ್ವರ.

ಮೊಣಕಾಲು ಊದಿಕೊಂಡು ಎರಡು ದಿನಕ್ಕೆ ಇಳಿಯುತ್ತದೆ, ಆಮೇಲೆ ಮೊಣಕೈ, ಆಮೇಲೆ ಹರಡು. ಕೀಲುಗಳು ಪೂರ್ತಿ ಸುಧಾರಿಸಿಕೊಳ್ಳುತ್ತವೆ. ಕವಾಟ ಸುಧಾರಿಸಿಕೊಳ್ಳದೇ ಹೋಗಬಹುದು. ಮತ್ತೆ ಗಂಟಲುನೋವು ಬಂದಂತೆಲ್ಲ ಮತ್ತೆ ದಾಳಿ, ಮತ್ತೆ ಗಾಯ, ಗಾಯದ ಮೇಲೆ ಕಲೆ. ಕೆಲವರಲ್ಲಿ ಕವಾಟ ದಪ್ಪಗಾಗಿ ಕಿರಿದಾಗುತ್ತದೆ, ಕೆಲವರಲ್ಲಿ ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುತ್ತದೆ. ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಬಸಿರಿನಲ್ಲಿ ರಕ್ತದ ಪ್ರಮಾಣ ನೂರಕ್ಕೆ 40–50ರಷ್ಟು ಏರಿದಾಗ ಕಿರಿದಾದ ಕವಾಟಕ್ಕೆ ತಡೆಯಲಾಗುವುದಿಲ್ಲ. ಹುಡುಗಿಗೆ ಹೃದ್ರೋಗವಿದೆ ಎಂಬುದು ಆಗ ಮನೆಯವರಿಗೆ ತಿಳಿಯುತ್ತದೆ.

> ನಿಗಾ ಇರಲಿ
> • ಗಂಟಲುನೋವಿನ ಎರಡು–ಮೂರು ವಾರದ ನಂತರ ಒಂದು ಕೀಲಿನಿಂದ ಇನ್ನೊಂದಕ್ಕೆ ದಾಟುವ ಊತ, ನೋವು, ಜತೆಗೆ ಜ್ವರ. ಬೆಳೆಯುವ ಮಕ್ಕಳ ಕಾಲುನೋವು ಎಂದು ತಳ್ಳಿಹಾಕಬೇಡಿ.
> • ಮಗುವಿನ ಕೈಕಾಲು, ಮುಖ ತಾವಾಗಿಯೇ ಕುಣಿಯುವುದು, ಅಕ್ಷರ ಕೆಡುವುದು, ಲೋಟ ಕೈಜಾರುವುದು.
> • ಆಟದಲ್ಲಿ ಬೇಗ ಸುಸ್ತು, ಏದುಸಿರು, ಎದೆ ಡವಡವ.
> • ಬಸುರಿಯರಲ್ಲಿ ಮಲಗಿದರೆ ಹೆಚ್ಚುವ ಉಸಿರುಕಟ್ಟು, ಕೆಮ್ಮಿನಲ್ಲಿ ರಕ್ತ.

ನೂರರಲ್ಲಿ ಮೂವರು

ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಅಮೆರಿಕದ ವಯೋಮಿಂಗ್ ರಾಜ್ಯದ ಫೋರ್ಟ್ ವಾರೆನ್ ಸೇನಾ ನೆಲೆಯಲ್ಲಿ ಗಂಟಲುನೋವು ಸಾಂಕ್ರಾಮಿಕದಂತೆ ಹರಡಿತ್ತು. ಚಾರ್ಲ್ಸ್ ರಾಮೆಲ್‌ಕ್ಯಾಂಪ್ ಮತ್ತವರ ಸಂಗಡಿಗರು ಅಲ್ಲಿಯೇ ಪ್ರಯೋಗಾಲಯ ಹೂಡಿದರು. ಪೆನಿಸಿಲಿನ್ ಕೊಟ್ಟು ಗಂಟಲನ್ನು ಗುಣಪಡಿಸಿದರೆ ರುಮ್ಯಾಟಿಕ್ ಜ್ವರ ಬಾರದಂತೆ ತಡೆಯಬಹುದು ಎಂದು 1950ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ವೈದ್ಯಕೀಯದ ದಿಕ್ಕನ್ನೇ ಬದಲಿಸಿತು.

ಅದೇ ಅಧ್ಯಯನಗಳು ಇನ್ನೊಂದು ಸಂಗತಿಯನ್ನೂ ತೋರಿಸಿದವು. ಔಷಧಿ ಸಿಗದ ಸೈನಿಕರಲ್ಲಿ ರುಮ್ಯಾಟಿಕ್ ಜ್ವರ ಬಂದದ್ದು ನೂರಕ್ಕೆ ಸುಮಾರು ಮೂವರಿಗೆ. ಅದೇ ಬ್ಯಾರಕ್ಕು, ಅದೇ ಊಟ, ಅದೇ ಬ್ಯಾಕ್ಟೀರಿಯಾ. ಉಳಿದ ತೊಂಬತ್ತೇಳು ಮಂದಿ ಪಾರಾದದ್ದು ಹೇಗೆ?

ಈ ಕಾಯಿಲೆ ಕೆಲವು ಮನೆತನಗಳಲ್ಲಿ ಹೆಚ್ಚು ಎಂದು ಲಂಡನ್ನಿನ ಮಕ್ಕಳ ವೈದ್ಯ ವಾಲ್ಟರ್ ಚೀಡಲ್ 1889ರಲ್ಲೇ ಹೇಳಿದ್ದರು. ಕುಟುಂಬದಲ್ಲಿ ಯಾರಿಗಾದರೂ ರುಮ್ಯಾಟಿಕ್ ಜ್ವರ ಬಂದಿದ್ದರೆ ಮಗುವಿಗೆ ಬರುವ ಸಾಧ್ಯತೆ ಸುಮಾರು ಐದು ಪಟ್ಟು ಎಂಬುದು ಅವರ ಲೆಕ್ಕ. ಆದರೆ ಒಂದೇ ಮನೆಯವರು ರಕ್ತವನ್ನಷ್ಟೇ ಹಂಚಿಕೊಂಡಿರುವುದಿಲ್ಲ, ಕೋಣೆಯನ್ನೂ ಬಡತನವನ್ನೂ ಹಂಚಿಕೊಂಡಿರುತ್ತಾರೆ. ಎರಡನ್ನೂ ಬೇರ್ಪಡಿಸಿ ನೋಡಲು ಅವಳಿಗಳು ಬೇಕಾಯಿತು.

ಆರು ಹಳೆಯ ಅಧ್ಯಯನಗಳಲ್ಲಿದ್ದ 435 ಅವಳಿ ಜೋಡಿಗಳ ಮಾಹಿತಿಯನ್ನು ಕೇಪ್‌ಟೌನ್ ವಿಶ್ವವಿದ್ಯಾಲಯದ ಬೊಂಗಾನಿ ಮಯೋಸಿ ಮತ್ತು ಜತೆಗಾರರು ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಿದರು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಕಾಯಿಲೆ ಬಂದರೆ ಇನ್ನೊಬ್ಬರಿಗೂ ಬಂದದ್ದು ನೂರಕ್ಕೆ 44ರಷ್ಟು ಜೋಡಿಗಳಲ್ಲಿ. ಎರಡು ಅಂಡಗಳಿಂದ ಹುಟ್ಟಿದ ಅವಳಿಗಳಲ್ಲಿ ನೂರಕ್ಕೆ 12 ಮಾತ್ರ. ಯಾರಿಗೆ ಕಾಯಿಲೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬ ವ್ಯತ್ಯಾಸದಲ್ಲಿ ಸುಮಾರು ನೂರಕ್ಕೆ 60ರಷ್ಟು ವಂಶವಾಹಿಗಳದು ಎಂದು ಅವರು ಅಂದಾಜಿಸಿದರು.

ಈ ಲೆಕ್ಕವನ್ನು ಇನ್ನೊಂದು ಕಡೆಯಿಂದಲೂ ಓದಬೇಕು. ವಂಶವಾಹಿಗಳೆಲ್ಲ ಒಂದೇ ಆಗಿದ್ದ ಜೋಡಿಗಳಲ್ಲೂ ಅರ್ಧಕ್ಕಿಂತ ಹೆಚ್ಚು ಕಡೆ ಎರಡನೆಯವರು ಪಾರಾಗಿದ್ದರು.

ಹುಡುಕಾಟ ನಡೆದ ದಾರಿ

ಯಾವ ವಂಶವಾಹಿ ಎಂಬ ಹುಡುಕಾಟ ಮೊದಲು ಹೋದದ್ದು ಆರನೇ ವರ್ಣತಂತುವಿನ ಎಚ್‌ಎಲ್‌ಎ ಪ್ರದೇಶಕ್ಕೆ. ಒಳಗೆ ಬಂದ ರೋಗಾಣುವಿನ ತುಣುಕನ್ನು ಎತ್ತಿ ಹಿಡಿದು ಬಿಳಿರಕ್ತಕಣಗಳಿಗೆ ತೋರಿಸುವ ಪ್ರೋಟೀನ್‌ಗಳ ವಿಧಿ ಅಲ್ಲಿ ಬರೆದಿರುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಅತಿ ಹೆಚ್ಚು ವ್ಯತ್ಯಾಸವಿರುವ ಜಾಗಗಳಲ್ಲಿ ಅದೂ ಒಂದು.

ಆರಂಭದ ಉತ್ತರಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ರೋಗಿಗಳಲ್ಲಿ ಹೆಚ್ಚಾಗಿ ಕಂಡ ಎಚ್‌ಎಲ್‌ಎ ರೂಪ ಅಮೆರಿಕದ ಬಿಳಿಯರಲ್ಲಿ ಡಿಆರ್4, ಅಲ್ಲಿನ ಕಪ್ಪು ಜನರಲ್ಲಿ ಡಿಆರ್2, ಬ್ರೆಜಿಲ್‌ನಲ್ಲಿ ಡಿಆರ್7, ಉತ್ತರ ಭಾರತದಲ್ಲಿ ಡಿಆರ್3. ರೋಗಿಗಳ ಬಿಳಿರಕ್ತಕಣದ ಮೇಲಿನ ಡಿ8/17 ಎಂಬ ಗುರುತು ಅಮೆರಿಕದಲ್ಲಿ ಬಹುತೇಕ ಎಲ್ಲ ರೋಗಿಗಳಲ್ಲೂ ಕಂಡಿತ್ತು. ಉತ್ತರ ಭಾರತದಲ್ಲಿ ನೋಡಿದರೆ ಮೂರನೇ ಎರಡರಷ್ಟು ರೋಗಿಗಳಲ್ಲಷ್ಟೇ ಸಿಕ್ಕಿತು. ಬೇರೆಯವರ ರಕ್ತದಲ್ಲಿ ಕಂಡುಹಿಡಿದ ಗುರುತು ನಮ್ಮವರಿಗೆ ಸಲ್ಲುತ್ತದೆ ಎಂದು ನಂಬಿ ಕೂರುವಂತಿಲ್ಲ ಎಂಬ ಪಾಠ ಆಗಲೇ ಸಿಕ್ಕಿತ್ತು.

ಆ ಅಧ್ಯಯನಗಳೆಲ್ಲ ಚಿಕ್ಕವು, ಹತ್ತಾರು ರೋಗಿಗಳ ಮೇಲಷ್ಟೇ ನಡೆದವು. ಇಡೀ ಜೀನೋಮನ್ನು ಜಾಲಾಡುವ ತಂತ್ರ ಬಂದ ಮೇಲೆ ಚಿತ್ರ ಸ್ವಲ್ಪ ಸ್ವಲ್ಪವಾಗಿ ತಿಳಿಯಾಯಿತು.

2017ರಲ್ಲಿ ಆಕ್ಸ್‌ಫರ್ಡ್‌ನ ಟಾಮ್ ಪಾರ್ಕ್ಸ್ ಮತ್ತು ಸಂಗಡಿಗರು ಪೆಸಿಫಿಕ್ ಸಾಗರದ ಎಂಟು ದ್ವೀಪರಾಷ್ಟ್ರಗಳ 2,852 ಜನರ ಡಿಎನ್‌ಎ ಪರೀಕ್ಷಿಸಿದರು. ಅವರಿಗೆ ಸಿಕ್ಕಿದ್ದು ಪ್ರತಿಕಾಯಗಳನ್ನೇ ಕಟ್ಟುವ ವಂಶವಾಹಿಗಳ ನಡುವಿನ ಐಜಿಎಚ್‌ವಿ4-61 ಎಂಬ ತುಣುಕಿನ ಒಂದು ರೂಪ. ಅದರ ಒಂದೊಂದು ಪ್ರತಿಯೂ ರೋಗದ ಸಾಧ್ಯತೆಯನ್ನು ಸುಮಾರು 1.4 ಪಟ್ಟು ಏರಿಸುತ್ತಿತ್ತು. ಗಂಟಲಿನ ಬ್ಯಾಕ್ಟೀರಿಯಾಕ್ಕೆ ದೇಹ ಎಂಥ ಪ್ರತಿಕಾಯ ಕಟ್ಟುತ್ತದೆ ಎನ್ನುವಲ್ಲೇ ಮೊದಲ ಎಡವಟ್ಟು ಇರಬಹುದು ಎಂಬ ಸುಳಿವು ಅದು.

ಭಾರತದ ಸರದಿ 2020ರಲ್ಲಿ ಬಂತು. ಭಾರತದಲ್ಲಿರುವವರು ಮತ್ತು ಫಿಜಿಯಲ್ಲಿ ನೆಲೆಸಿದ ಭಾರತೀಯ ಮೂಲದವರು ಸೇರಿ 1,163 ಜನರ ಅಧ್ಯಯನ. ಕಬ್ಬಿನ ತೋಟದ ಕೂಲಿಗೆಂದು 1879ರಿಂದ 1916ರವರೆಗೆ ಹಡಗು ಹತ್ತಿಹೋದ ಸುಮಾರು ಅರವತ್ತು ಸಾವಿರ ಜನರ ವಂಶದವರು ಈ ಫಿಜಿ ಭಾರತೀಯರು. ಎಚ್‌ಎಲ್‌ಎ ಪ್ರದೇಶದ ನಡುಭಾಗದಲ್ಲಿ, ಹಿಂದಿನವರು ಅಷ್ಟಾಗಿ ಗಮನಿಸದ ಜಾಗದಲ್ಲಿ, ಒಂದು ವ್ಯತ್ಯಾಸ ಸಿಕ್ಕಿತು. ಅದು ಬ್ರಿಟನ್ನಿನ ಯುರೋಪಿಯನ್ನರಲ್ಲೂ ಹೊಂದಿಕೆಯಾಯಿತು. ಎರಡೂ ಕಡೆಯ ಲೆಕ್ಕ ಕೂಡಿಸಿದರೆ ಅಪಾಯ 1.8 ಪಟ್ಟು.

ಆಫ್ರಿಕದ ಎಂಟು ದೇಶಗಳಲ್ಲಿ ಸಾವಿರಾರು ರೋಗಿಗಳನ್ನು ಕಲೆಹಾಕುವ ಬೃಹತ್ ಅಧ್ಯಯನಕ್ಕೆ ತಳಪಾಯ ಹಾಕಿದವರಲ್ಲಿ ಮಯೋಸಿ ಪ್ರಮುಖರು. ಈ ಕಾಯಿಲೆಯನ್ನು ಆಫ್ರಿಕದಿಂದ ಅಳಿಸಬೇಕೆಂದು ಬದುಕನ್ನೇ ಮುಡಿಪಿಟ್ಟ ಅವರು 2018ರಲ್ಲಿ ತೀರಿಕೊಂಡರು. 4,809 ಜನರನ್ನೊಳಗೊಂಡ ಆ ಅಧ್ಯಯನದ ಫಲಿತಾಂಶ ಬಂದದ್ದು 2021ರಲ್ಲಿ. ಅಲ್ಲಿನ ಕಪ್ಪು ಜನರಲ್ಲಿ ಹನ್ನೊಂದನೇ ವರ್ಣತಂತುವಿನಲ್ಲಿ ಹೊಸ ತಾಣವೊಂದು ಕಂಡಿತು.

> ಅಂಕಿಗಳಲ್ಲಿ
> • ಜಗತ್ತಿನಲ್ಲಿ ಈ ಕಾಯಿಲೆ ಇರುವವರು: ಸುಮಾರು 5.5 ಕೋಟಿ. ವರ್ಷಕ್ಕೆ ಸಾವು: ಸುಮಾರು 3.6 ಲಕ್ಷ (ವಿಶ್ವ ಆರೋಗ್ಯ ಸಂಸ್ಥೆ).
> • 2015ರ ಜಾಗತಿಕ ಅಂದಾಜಿನಲ್ಲಿ ಅತಿ ಹೆಚ್ಚು ರೋಗಿಗಳಿದ್ದ ದೇಶ ಭಾರತ: ಸುಮಾರು 1.3 ಕೋಟಿ.
> • 2018ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಮ್ಮೇಳನ ಈ ಕಾಯಿಲೆಯ ವಿರುದ್ಧ ನಿರ್ಣಯ ಅಂಗೀಕರಿಸಿತು.

ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆಯೇ?

ಹಾಗಾದರೆ ಶಾಲೆಗೆ ಸೇರುವಾಗಲೇ ಡಿಎನ್‌ಎ ಪರೀಕ್ಷೆ ಮಾಡಿಸಿಬಿಡಬಹುದಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಅದರಿಂದ ಉಪಯೋಗವಿಲ್ಲ. 1.4 ಪಟ್ಟು ಎಂದರೆ ನೂರರಲ್ಲಿ ಮೂವರಿಗಿದ್ದ ಅಪಾಯ ನಾಲ್ವರಿಗೆ ಏರಿದಂತೆ. ಆ ರೂಪವಿದ್ದೂ ಉಳಿದ ತೊಂಬತ್ತಾರು ಮಕ್ಕಳಿಗೆ ಏನೂ ಆಗುವುದಿಲ್ಲ. ಅದಿಲ್ಲದ ಮಕ್ಕಳಿಗೂ ಕಾಯಿಲೆ ಬರಬಹುದು. ಇಲ್ಲಿ ದೋಷಿ ವಂಶವಾಹಿ ಎಂಬುದು ಒಂದಿಲ್ಲ. ಸಣ್ಣ ಸಣ್ಣ ಪ್ರಭಾವದ ಹಲವು ವ್ಯತ್ಯಾಸಗಳು ಸೇರಿ ಒಬ್ಬರ ದೇಹವನ್ನು ಸ್ವಲ್ಪ ಈ ಕಡೆಗೆ, ಇನ್ನೊಬ್ಬರದನ್ನು ಸ್ವಲ್ಪ ಆ ಕಡೆಗೆ ವಾಲಿಸುತ್ತವೆ.

ಇಂಥ ಪರೀಕ್ಷೆಯಿಂದ ಆಗಬಹುದಾದ ಕೇಡು ಮಾತ್ರ ಖಚಿತ. ವಾಲ್ವ್ ತೊಂದರೆಯಿರುವ ಹುಡುಗಿಗೆ ಸಂಬಂಧ ಕುದುರುವುದು ಈಗಲೇ ಕಷ್ಟ. ಮದುವೆಯವರೆಗೂ ಕಾಯಿಲೆಯನ್ನು ಮುಚ್ಚಿಟ್ಟು, ಪೆನಿಸಿಲಿನ್ ಇಂಜೆಕ್ಷನ್ ನಿಲ್ಲಿಸಿ, ಬಸಿರಿನಲ್ಲಿ ಜೀವಕ್ಕೇ ಕುತ್ತು ತಂದುಕೊಳ್ಳುವ ಮನೆಗಳಿವೆ. ವಂಶದಲ್ಲೇ ಇದೆಯಂತೆ ಎಂಬ ಮಾತು ಹುಟ್ಟಿಕೊಂಡರೆ ಅಕ್ಕತಂಗಿಯರೆಲ್ಲರ ಬದುಕಿಗೂ ಕಲ್ಲು ಬೀಳುತ್ತದೆ.

ವಂಶವಾಹಿಯ ಮಾತನ್ನು ಸರ್ಕಾರಗಳೂ ನೆಪ ಮಾಡಿಕೊಳ್ಳಬಾರದು. ಆಸ್ಟ್ರೇಲಿಯದ ಮೂಲನಿವಾಸಿಗಳಲ್ಲಿ, ನ್ಯೂಜಿಲೆಂಡ್‌ನ ಮಾವೊರಿ ಮಕ್ಕಳಲ್ಲಿ ಈ ಕಾಯಿಲೆ ಇಂದಿಗೂ ಬಹಳ. ಅವರ ಮನೆಗಳು ಇಕ್ಕಟ್ಟು ಎಂಬುದೂ ಅಷ್ಟೇ ಸತ್ಯ. ಯುರೋಪು, ಅಮೆರಿಕಗಳಲ್ಲಿ ಒಂದು ಕಾಲಕ್ಕೆ ಇದು ಮನೆಮನೆಯ ಕಾಯಿಲೆಯಾಗಿತ್ತು. ಪೆನಿಸಿಲಿನ್ ಬರುವುದಕ್ಕೂ ಮೊದಲೇ ಅಲ್ಲಿ ಇಳಿಯತೊಡಗಿತು. ಒಂದೆರಡು ತಲೆಮಾರಿನಲ್ಲಿ ಆ ಜನರ ವಂಶವಾಹಿ ಬದಲಾಗಿರಲಿಲ್ಲ. ಮನೆಗಳು ದೊಡ್ಡವಾದವು, ಒಂದು ಕೋಣೆಯಲ್ಲಿ ಮಲಗುವವರ ಸಂಖ್ಯೆ ಇಳಿಯಿತು, ವೈದ್ಯರು ಕೈಗೆ ಸಿಗುವಂತಾದರು.

ಲಸಿಕೆಯ ಹಾದಿಯ ಗಾಯ

ಇಷ್ಟಾಗಿ ಈ ಸಂಶೋಧನೆಯ ಫಲವೇನು? ದೊಡ್ಡ ಫಲ ಲಸಿಕೆಯಲ್ಲಿದೆ. ಅದಕ್ಕೊಂದು ನೋವಿನ ಹಿನ್ನೆಲೆಯಿದೆ.

1960ರ ದಶಕದಲ್ಲಿ ಅಮೆರಿಕದ ಬೆನೆಡಿಕ್ಟ್ ಮಸೆಲ್ ಮತ್ತು ಸಹೋದ್ಯೋಗಿಗಳು ಸ್ಟ್ರೆಪ್ಟೋಕಾಕಸ್‌ನ ‘ಎಂ’ ಪ್ರೋಟೀನಿನಿಂದ ತಯಾರಿಸಿದ ಲಸಿಕೆಯನ್ನು 21 ಮಕ್ಕಳಿಗೆ ಕೊಟ್ಟರು. ಅವರೆಲ್ಲ ರುಮ್ಯಾಟಿಕ್ ಜ್ವರದ ರೋಗಿಗಳ ತಮ್ಮ, ತಂಗಿ, ಅಣ್ಣ, ಅಕ್ಕಂದಿರು. ಅಪಾಯ ಹೆಚ್ಚಿರುವವರಿಗೇ ರಕ್ಷಣೆ ಮೊದಲು ಸಿಗಲಿ ಎಂಬುದು ಉದ್ದೇಶ. ಆದರೆ ಇಬ್ಬರಲ್ಲಿ ಖಚಿತವಾಗಿ, ಮತ್ತೊಬ್ಬರಲ್ಲಿ ಬಹುಶಃ ರುಮ್ಯಾಟಿಕ್ ಜ್ವರ ಕಾಣಿಸಿತು. 1969ರಲ್ಲಿ ವರದಿ ಹೊರಬಂತು. 1979ರಲ್ಲಿ ಅಮೆರಿಕ ಸರ್ಕಾರ ಇಂಥ ಲಸಿಕೆಗಳನ್ನೇ ನಿಷೇಧಿಸಿತು. ನಿಷೇಧ ತೆರವಾದದ್ದು 2006ರಲ್ಲಿ. ಸುಮಾರು ಮೂರು ದಶಕ ಲಸಿಕೆಯ ಕೆಲಸ ಕುಂಟಿತು.

ಯಾರ ದೇಹ ಯಾಕೆ ತಪ್ಪು ಗುರಿಗೆ ಬಾಣ ಬಿಡುತ್ತದೆ ಎಂಬುದು ತಿಳಿದರೆ, ಹೃದಯವನ್ನು ಹೋಲುವ ತುಣುಕುಗಳನ್ನು ಬಿಟ್ಟು, ಉಳಿದ ತುಣುಕುಗಳಿಂದಲೇ ಲಸಿಕೆ ಕಟ್ಟಬಹುದು. ಇಂದಿನ ಲಸಿಕೆ ವಿಜ್ಞಾನಿಗಳು ಹಿಡಿದಿರುವ ದಾರಿ ಅದೇ. ಇನ್ನೂರಕ್ಕೂ ಹೆಚ್ಚು ತಳಿಗಳಿರುವ ಈ ಬ್ಯಾಕ್ಟೀರಿಯಾ ನಮ್ಮಲ್ಲಿ ಪಾಶ್ಚಾತ್ಯ ದೇಶಗಳಿಗಿಂತ ಹೆಚ್ಚು ಬಗೆಗಳಲ್ಲಿ ಹರಿದಾಡುತ್ತದೆ. ಅತಿ ಹೆಚ್ಚು ರೋಗಿಗಳಿರುವ ನಮ್ಮ ದೇಶದ ವಂಶವಾಹಿಗಳೂ ನಮ್ಮ ತಳಿಗಳೂ ಲೆಕ್ಕಕ್ಕೆ ಬಾರದೆ ತಯಾರಾಗುವ ಲಸಿಕೆ ನಮ್ಮ ಮಕ್ಕಳನ್ನು ಎಷ್ಟು ಕಾಯುತ್ತದೆ ಎಂದು ಯಾರೂ ಖಾತ್ರಿ ಕೊಡಲಾರರು. ಆದ್ದರಿಂದ ಈ ಸಂಶೋಧನೆ ನಮ್ಮಲ್ಲೇ ಇನ್ನೂ ದೊಡ್ಡದಾಗಿ ನಡೆಯಬೇಕು.

ಇಪ್ಪತ್ತೊಂದು ದಿನದ ಲೆಕ್ಕ

ಲಸಿಕೆ ಬರುವವರೆಗೆ ಮರುದಾಳಿ ತಡೆಯಲು ಕೈಯಲ್ಲಿರುವುದು ಪೆನಿಡ್ಯೂರ್ ಎಂದೇ ರೋಗಿಗಳು ಗುರುತಿಸುವ ಬೆಂಜಥೀನ್ ಪೆನಿಸಿಲಿನ್. ದೊಡ್ಡ ಸೂಜಿ, ಗಟ್ಟಿ ಔಷಧಿ, ಪಿರ್ರೆಯಲ್ಲಿ ಎರಡು ದಿನ ಉಳಿಯುವ ನೋವು. ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ, ವರ್ಷಗಟ್ಟಲೆ. ಮಗು ಅಳುತ್ತದೆ, ಕೂಲಿ ತಪ್ಪುತ್ತದೆ, ಬಸ್ಸಿನ ಖರ್ಚು ಬೇರೆ. ಅಲರ್ಜಿಯ ಭಯಕ್ಕೆ ಕೆಲವು ಕಡೆ ಇಂಜೆಕ್ಷನ್ ಕೊಡುವುದೇ ಇಲ್ಲ, ಕೆಲವೊಮ್ಮೆ ಔಷಧಿಯೇ ಇರುವುದಿಲ್ಲ.

ಅದರ ಬಲ ಎಷ್ಟೆಂದು ಉತ್ತರ ಉಗಾಂಡದ ಪ್ರಯೋಗ ತೋರಿಸಿದೆ. ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಎಕೋ ಮೂಲಕ ಜರಡಿ ಹಿಡಿದು, ಲಕ್ಷಣಗಳಿಲ್ಲದೆಯೂ ಕವಾಟ ಕೆಡಲಾರಂಭಿಸಿದ್ದ 818 ಮಕ್ಕಳನ್ನು ಆರಿಸಲಾಯಿತು. ಎರಡು ವರ್ಷದ ನಂತರ ನೋಡಿದರೆ, ಇಂಜೆಕ್ಷನ್ ಪಡೆದವರಲ್ಲಿ ಕಾಯಿಲೆ ಮುಂದುವರಿದದ್ದು ನೂರಕ್ಕೆ 0.8ರಷ್ಟು ಮಕ್ಕಳಲ್ಲಿ, ಪಡೆಯದವರಲ್ಲಿ 8.2ರಷ್ಟು. 2022ರಲ್ಲಿ ಪ್ರಕಟವಾದ ಈ ಫಲಿತಾಂಶ ಒಂದು ಮಾತನ್ನು ಸ್ಪಷ್ಟಪಡಿಸಿತು: ಬೇಗ ಕಂಡುಹಿಡಿದರೆ ತಡೆಯಬಹುದು.

ಬೇಗ ಕಂಡುಹಿಡಿಯಲು ಸ್ಟೆತಾಸ್ಕೋಪ್ ಸಾಲದು. ಕಾಂಬೋಡಿಯ ಮತ್ತು ಮೊಜಾಂಬಿಕ್‌ನ ಶಾಲೆಗಳಲ್ಲಿ ಎಕೋ ಮಾಡಿದಾಗ, ಕಿವಿಗೊಟ್ಟು ಕೇಳಿದಾಗ ಸಿಕ್ಕವರಿಗಿಂತ ಸುಮಾರು ಹತ್ತು ಪಟ್ಟು ಮಕ್ಕಳು ಸಿಕ್ಕಿದ್ದರು.

> ಎಷ್ಟು ವರ್ಷ ಇಂಜೆಕ್ಷನ್?
> • ಹೃದಯಕ್ಕೆ ತಾಕದ ರುಮ್ಯಾಟಿಕ್ ಜ್ವರ: ಕನಿಷ್ಠ 5 ವರ್ಷ ಅಥವಾ ಹದಿಹರೆಯ ಕಳೆಯುವವರೆಗೆ, ಯಾವುದು ಹೆಚ್ಚೋ ಅದು.
> • ಕವಾಟ ಕೆಟ್ಟಿದ್ದರೆ: 40 ವರ್ಷ ವಯಸ್ಸಾಗುವವರೆಗೆ, ಕೆಲವರಿಗೆ ಜೀವನಪೂರ್ತಿ.
> • ಬಲೂನ್ ಚಿಕಿತ್ಸೆ, ಕವಾಟದ ಶಸ್ತ್ರಚಿಕಿತ್ಸೆ ಆದಮೇಲೂ ತಾನಾಗಿ ನಿಲ್ಲಿಸಬಾರದು. ಅವಧಿಯನ್ನು ಹೃದ್ರೋಗ ವೈದ್ಯರೇ ನಿರ್ಧರಿಸಬೇಕು.

ವಂಶವಾಹಿಗಳ ಅಧ್ಯಯನ ಇವತ್ತಿಗೇ ಕಲಿಸುವ ಒಂದು ಪಾಠಕ್ಕೆ ಡಿಎನ್‌ಎ ಯಂತ್ರವೂ ಬೇಕಿಲ್ಲ. ಮನೆಯಲ್ಲಿ ಒಬ್ಬರಿಗೆ ಈ ಕಾಯಿಲೆಯಿದ್ದರೆ ಒಡಹುಟ್ಟಿದವರಿಗೂ ಮಕ್ಕಳಿಗೂ ಅಪಾಯ ಹೆಚ್ಚು. ಅವರು ರಕ್ತವನ್ನೂ ಕೋಣೆಯನ್ನೂ ಹಂಚಿಕೊಂಡವರು. ಆ ಎರಡರಲ್ಲಿ ಯಾವುದರ ಪಾಲು ಎಷ್ಟೆಂಬ ಲೆಕ್ಕ ಮುಗಿಯುವವರೆಗೆ ಕಾಯಬೇಕಾಗಿಲ್ಲ.

ಆದ್ದರಿಂದ ಕವಾಟದ ಕಾಯಿಲೆ ಪತ್ತೆಯಾದ ಪ್ರತಿಯೊಬ್ಬರ ಅಣ್ಣ, ತಮ್ಮ, ಅಕ್ಕ, ತಂಗಿಯರನ್ನೂ ಮಕ್ಕಳನ್ನೂ ಕರೆಸಿ ಒಮ್ಮೆ ಎಕೋ ಮಾಡುವುದು ನಮ್ಮ ಆಸ್ಪತ್ರೆಗಳ ಕ್ರಮವಾಗಬೇಕು. ಮಕ್ಕಳ ತಪಾಸಣೆಗೆಂದೇ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ರುಮ್ಯಾಟಿಕ್ ಹೃದ್ರೋಗದ ಹೆಸರಿದೆ. ಅದೇ ತಂಡದ ಕೈಗೆ ಚಿಕ್ಕ ಎಕೋ ಯಂತ್ರವೂ ಸಿಗಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪೆನಿಡ್ಯೂರ್ ತಪ್ಪದೆ ಸಿಗಬೇಕು, ಯಾವ ಮಗುವಿನ ಇಂಜೆಕ್ಷನ್ ತಾರೀಕು ಯಾವಾಗ ಎಂಬ ದಾಖಲೆ ಇರಬೇಕು, ತಪ್ಪಿದರೆ ಆಶಾ ಕಾರ್ಯಕರ್ತೆ ಬಾಗಿಲು ತಟ್ಟುವಂತಿರಬೇಕು. ಇವಳಿಗೇ ಯಾಕೆ ಬಂತು ಎಂದು ಕೇಳಿದ ತಾಯಿಗೆ ವಿಜ್ಞಾನ ಪೂರ್ತಿ ಉತ್ತರ ಕೊಡಲು ಇನ್ನಷ್ಟು ವರ್ಷ ಹಿಡಿದೀತು. ಅವಳ ಮೊಮ್ಮಗುವಿಗೆ ಬಾರದಂತೆ ನೋಡಿಕೊಳ್ಳಲು ಬೇಕಾದ ತಿಳಿವಳಿಕೆಯೂ ಔಷಧಿಯೂ ಎಪ್ಪತ್ತು ವರ್ಷಗಳಿಂದ ನಮ್ಮ ಬಳಿಯಿವೆ. ಅವು ಊರೂರಿನ ಆಸ್ಪತ್ರೆಗೆ ತಲುಪಬೇಕೆಂದು ಕೇಳುವುದು ನಮ್ಮ ಹಕ್ಕು.